ಹಾಲುಹಲ್ಲಿನಿಂದ ಹಲ್ಲುಸೆಟ್‌ವರೆಗೆ: ಬ್ರಷ್ ಮಾಡುವ ಬಗೆ

ಮೊದಲ ಹಲ್ಲು ಕಂಡ ದಿನದಿಂದಲೇ ಬ್ರಷ್ ಮಾಡಿಸಿ. 3 ವರ್ಷದವರೆಗೆ ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಸಾಕು, 6ರವರೆಗೆ ಬಟಾಣಿಯಷ್ಟು.

6ರ ಆಸುಪಾಸಿನಲ್ಲಿ ಮೈಯೆಲ್ಲ ಕಣ್ಣಾಗಿರಬೇಕು. ನಾನಂತೂ ಟಾರ್ಚ್ ಹಿಡಿದು ಮಗಳ ಬಾಯಿ ನೋಡುತ್ತಿದ್ದೆ. ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆ, ಮೊದಲ ಶಾಶ್ವತ ದವಡೆಹಲ್ಲು ಸದ್ದಿಲ್ಲದೆ ಹುಟ್ಟುತ್ತದೆ. ಅದೂ ಹಾಲುಹಲ್ಲೇ ಎಂದುಕೊಂಡು ಎಷ್ಟೋ ಜನ ಅಲಕ್ಷ್ಯ ಮಾಡುತ್ತಾರೆ, ಬೇಸರವಾಗುತ್ತದೆ. ಪಕ್ಕದ ಹಲ್ಲಿಗಿಂತ ತಗ್ಗಿನಲ್ಲಿರುವುದರಿಂದ ನೇರ ಉಜ್ಜಿದರೆ ಬ್ರಷ್ ತಾಗುವುದೇ ಇಲ್ಲ. ಕೆನ್ನೆಯ ಕಡೆಯಿಂದ ಅಡ್ಡ ಹಿಡಿದು ಉಜ್ಜಿ. ಮಗಳಿಗೆ 8 ತುಂಬುವವರೆಗೂ ರಾತ್ರಿ ನಾನೇ ಉಜ್ಜುತ್ತಿದ್ದೆ.

ದೊಡ್ಡವರಿಗೆ ಮೆತ್ತನೆ ಬ್ರಷ್, ವಸಡಿಗೆ 45 ಡಿಗ್ರಿ ಓರೆ, ದಿನಕ್ಕೆ 2 ಸಲ, ಸಲಕ್ಕೆ 2 ನಿಮಿಷ. ನೊರೆ ಉಗುಳಿ, ಆದರೆ ತಕ್ಷಣ ಬಾಯಿ ಮುಕ್ಕಳಿಸಬೇಡಿ. ಫ್ಲೋರೈಡ್ ಹಲ್ಲಿನ ಮೇಲೆ ಉಳಿಯಲಿ. ಗರ್ಭಿಣಿಯರಿಗೆ ವಸಡಿನಲ್ಲಿ ರಕ್ತ ಕಾಣಿಸುವುದುಂಟು, ಹಾಗೆಂದು ಉಜ್ಜುವುದನ್ನು ಬಿಡಬಾರದು, ದಂತವೈದ್ಯರಿಗೆ ತೋರಿಸಿ.

ನಮ್ಮ ಅತ್ತೆಗೆ ಈಗ ಬೆರಳು ಮಡಚಲಾಗುವುದಿಲ್ಲ. ಬ್ರಷ್ಷಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಟ್ಟಿದ್ದೇನೆ, ತಾವೇ ಉಜ್ಜಿಕೊಳ್ಳುತ್ತಾರೆ. ಹಲ್ಲುಸೆಟ್ಟನ್ನು ರಾತ್ರಿ ತೆಗೆದು, ಸೋಪುನೀರಿನಲ್ಲಿ ಬ್ರಷ್‌ನಿಂದ ತಿಕ್ಕಿ ತೊಳೆದು, ನೀರಿನಲ್ಲಿಡಿ. ಅದಕ್ಕೆ ಪೇಸ್ಟ್ ಬೇಡ, ಗೀರು ಬೀಳುತ್ತದೆ.