ತಾತನ ಹಳೆ ಪಂಚೆ ಮತ್ತು ಒಂದಿಷ್ಟು ಗಂಟು

ರಜೆಗೆ ಬಂದಿದ್ದ ಮೊಮ್ಮಗಳು ತಾತನ ಹಳೆ ಬಿಳಿ ಪಂಚೆ ಹಿಡಿದುಕೊಂಡು ಅಡುಗೆಮನೆಗೆ ಬಂದಳು. "ಅಜ್ಜಿ, ಇದಕ್ಕೆ ಟೈ ಅಂಡ್ ಡೈ ಮಾಡೋಣ್ವಾ? ಅದಕ್ಕೆ ಕನ್ನಡದಲ್ಲಿ ಏನಂತಾರೆ?" ಅಂದಳು. ಮೊದಲ ಪ್ರಶ್ನೆಗೆ ತಕ್ಷಣ ಹೂಂ ಅಂದೆ. ಎರಡನೆಯದಕ್ಕೆ ಸ್ವಲ್ಪ ಯೋಚಿಸಬೇಕಾಯಿತು. ಸೀರೆಯನ್ನು ನಾವು ಬಾಂಧನಿ ಅಂತಲೇ ಕೇಳಿ ತರುತ್ತೇವೆ. ಕೆಲಸಕ್ಕೆ ಹೆಸರು ಹೇಳು ಅಂದರೆ, ಗಂಟು ಕಟ್ಟಿ ಬಣ್ಣ ಹಾಕೋದು, ಅಷ್ಟೇ.

ಬೇರೆ ಕಡೆಯವರೂ ಇಟ್ಟಿರುವುದು ಇಂಥದ್ದೇ ಹೆಸರು. ಬಾಂಧನಿ ಅನ್ನುವುದು ಕಟ್ಟು ಅನ್ನುವ ಮಾತಿನಿಂದ ಬಂದದ್ದು. ಇಂಗ್ಲಿಷರು ತಲೆಗೆ ಕಟ್ಟುವ ಬಂಡಾನ ಕೂಡ ಅದರ ಮಗುವೇ. ಇಕತ್ ಅನ್ನುವುದು ಮಲಯ ಕಡೆಯ ಮಾತು, ಅದಕ್ಕೂ ಕಟ್ಟುವುದು ಅಂತಲೇ ಅರ್ಥ. ಆದರೆ ಅಲ್ಲಿ ಬಟ್ಟೆಯನ್ನಲ್ಲ, ನೂಲನ್ನೇ ಕಟ್ಟಿ ಬಣ್ಣ ಹಾಕಿ ಆಮೇಲೆ ನೇಯುತ್ತಾರೆ. ಪೋಚಂಪಳ್ಳಿ ಸೀರೆ, ಪಾಟಣದ ಪಟೋಲ ಆ ಜಾತಿಯವು. ಜಪಾನಿನವರ ಶಿಬೋರಿ, ಹಿಂಡು ಅನ್ನುವುದರಿಂದ ಬಂದದ್ದು. ಯಾರೂ ಬಣ್ಣದ ಹೆಸರು ಹಿಡಿದಿಲ್ಲ ನೋಡಿ. ಹೊಸಬರು ಮಾತ್ರ ಮೊದಲು ಓಡುವುದು ಬಣ್ಣದ ಪೊಟ್ಟಣ ತರೋಕೆ.

ನಾನು ಇದನ್ನು ಕಲಿತದ್ದು ಹುಬ್ಬಳ್ಳಿಯಲ್ಲಿದ್ದಾಗ. ಪಕ್ಕದ ಮನೆಯವರು ಕಛ್ ಕಡೆಯವರು, ಸಾಮಿಲ್ ಇಟ್ಟಿದ್ದರು. ಆ ಮನೆಯಾಕೆಯನ್ನು ನಾವು ಬೆನ್ ಅನ್ನುತ್ತಿದ್ದೆವು, ಗುಜರಾತಿಯಲ್ಲಿ ಅಕ್ಕ ಅಂದ ಹಾಗೆ. ಅವರು ಕಿರುಬೆರಳಿನ ಉಗುರು ಉದ್ದ ಬಿಟ್ಟಿದ್ದರು. ಅದು ಶೋಕಿಗಲ್ಲ. ಉಗುರಿನ ತುದಿಯಿಂದ ಬಟ್ಟೆಯನ್ನು ಸಾಸಿವೆಯಷ್ಟು ಮೇಲೆತ್ತಿ, ಅದರ ಬುಡಕ್ಕೆ ದಾರ ನಾಲ್ಕೈದು ಸುತ್ತು ಬಿಗಿದು, ದಾರ ಕತ್ತರಿಸದೆ ಮುಂದಿನ ಚುಕ್ಕಿಗೆ ಹೋಗುತ್ತಿದ್ದರು. ಮಾತಾಡುತ್ತಾ ಮಾತಾಡುತ್ತಾ ಅಂಗೈಯಗಲ ಮುಗಿದುಹೋಗುತ್ತಿತ್ತು. ಒಂದು ಸೀರೆಯಲ್ಲಿ ಇಂಥ ಸಾವಿರಾರು ಗಂಟು. ಬಣ್ಣ ಹಾಕುವ ಕ್ರಮವನ್ನೂ ಅವರೇ ಹೇಳಿಕೊಟ್ಟರು. ಯಾವಾಗಲೂ ತಿಳಿ ಬಣ್ಣ ಮೊದಲು. ಬಿಳಿ ಉಳಿಯಬೇಕಾದಲ್ಲಿ ಗಂಟು ಹಾಕಿ ಹಳದಿಯಲ್ಲಿ ಅದ್ದು. ಹಳದಿ ಉಳಿಯಬೇಕಾದಲ್ಲಿ ಮತ್ತೆ ಗಂಟು ಹಾಕಿ ಕೆಂಪಿನಲ್ಲಿ ಅದ್ದು. ಕಪ್ಪು ಬೇಕಿದ್ದರೆ ಅದು ಕಡೆಗೆ.

ಮನೆಯಲ್ಲಿ ಮಾಡುವವರಿಗೆ ಅಷ್ಟೆಲ್ಲ ಬೇಡ. ಮೊದಲ ಸಲ ಒಂದೇ ಬಣ್ಣ ಸಾಕು. ಬಟ್ಟೆ ಮಾತ್ರ ಅಪ್ಪಟ ಹತ್ತಿಯದೇ ಇರಲಿ. ಅನುಮಾನ ಬಂದರೆ ಅಂಚಿನಿಂದ ಒಂದು ಎಳೆ ಎಳೆದು ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಉದುರುವ ಬೂದಿ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ, ಅದಕ್ಕೆ ಈ ಬಣ್ಣಗಳು ಹತ್ತುವುದಿಲ್ಲ. ಮೊಮ್ಮಗಳ ಟೀ ಶರ್ಟ್ ಹತ್ತಿಯದೇ ಆಗಿತ್ತು, ಹೊಲಿದ ದಾರ ಪಾಲಿಯೆಸ್ಟರ್. ಅಂಗಿಯೆಲ್ಲ ನೀಲಿಯಾಗಿ ಹೊಲಿಗೆ ಮಾತ್ರ ಬೆಳ್ಳಗೆ ಉಳಿಯಿತು. ಫ್ಯಾಷನ್ ಅಂದುಕೊಂಡು ಸುಮ್ಮನಾದೆವು.

ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ. ಹಿಂದಿನ ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಿಸಿ ನೀರು, ಸೋಪು ಹಾಕಿ ತೊಳೆಯಿರಿ. ಇಲ್ಲದಿದ್ದರೆ ಬಣ್ಣ ತೇಪೆ ತೇಪೆಯಾಗಿ ಹಿಡಿಯುತ್ತದೆ. ಹತ್ತಾರು ಸಲ ಒಗೆದ ಹಳೆ ಪಂಚೆ, ದಿಂಬಿನ ಗವಸು ಇದಕ್ಕೆ ಬಹಳ ಒಳ್ಳೆಯದು.

ಇನ್ನು ಗಂಟು. ಉಗುರಿನಲ್ಲಿ ಎತ್ತಿ ಕಟ್ಟುವುದು ನಮ್ಮ ಕೈಗೆ ಒಂದೇ ದಿನಕ್ಕೆ ಬರುವುದಿಲ್ಲ. ಒಳಗೆ ಏನಾದರೂ ಇಟ್ಟು ಕಟ್ಟಿ. ನಾನು ಮೊದಲ ಸಲ ಬುದ್ಧಿವಂತಿಕೆ ತೋರಿಸೋಕೆ ಹೋಗಿ ಕಡಲೆಕಾಳು ಇಟ್ಟೆ. ಕುದಿಯುವ ಬಣ್ಣದಲ್ಲಿ ಕಾಳು ಉಬ್ಬಿತು, ಬೆಂದಿತು, ಅರ್ಧ ಗಂಟು ಬಿಚ್ಚಿಕೊಂಡಿತು. ಬಿಚ್ಚಿ ನೋಡಿದರೆ ಉಸಲಿ! ಹುಣಸೆಬೀಜವೂ ಬೇಡ, ಅದರ ಸಿಪ್ಪೆಯೇ ಕಂದು ಬಣ್ಣ ಬಿಡುತ್ತದೆ. ನುಣುಪಾದ ಬೆಣಚುಕಲ್ಲು ಅಥವಾ ಮಕ್ಕಳ ಗೋಲಿ ಇಟ್ಟರೆ ಯಾವ ತಕರಾರೂ ಇಲ್ಲ. ಹೂ ಕಟ್ಟುವ ದಾರ ಸಾಕು, ಆದರೆ ಅದಕ್ಕೆ ಮೇಣದಬತ್ತಿ ಉಜ್ಜಿಕೊಳ್ಳಿ. ಬರೀ ದಾರ ನೀರು ಕುಡಿದು ಬಣ್ಣವನ್ನು ಒಳಗೆ ಬಿಡುತ್ತದೆ. ಆದರೆ ಕುದಿಯುವ ಬಣ್ಣವಾದರೆ ಮೇಣ ಕರಗಿಹೋಗುತ್ತದೆ. ಆಗ ಬಿಗಿಯೊಂದೇ ಗತಿ, ಎರಡರಷ್ಟು ಸುತ್ತು ಹಾಕಿ. ಬೆರಳಿಗೆ ದಾರ ಕೊರೆದ ಗುರುತು ಬೀಳಬೇಕು, ಅಷ್ಟು ಬಿಗಿ ಇರಲಿ.

ಮಕ್ಕಳಿಗೆ ಇಷ್ಟವಾಗುವ ಸುರುಳಿ ಇನ್ನೂ ಸುಲಭ. ಒದ್ದೆ ಬಟ್ಟೆಯನ್ನು ನೆಲದ ಮೇಲೆ ಹರಡಿ, ನಡುವೆ ಚಿವುಟಿ ಹಿಡಿದು ಚಕ್ಕುಲಿ ಸುತ್ತಿದ ಹಾಗೆ ತಿರುಗಿಸಿ, ನಾಲ್ಕು ರಬ್ಬರ್ ಬ್ಯಾಂಡ್ ಹಾಕಿದರೆ ಆಯಿತು. ಓರೆ ಗೆರೆ ಬೇಕೇ? ಬಟ್ಟೆಯನ್ನು ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಸುರುಳಿ ಸುತ್ತಿ, ಅಲ್ಲಲ್ಲಿ ಬಿಗಿದು ಕಟ್ಟಿ. ರಾಜಸ್ಥಾನದ ಲೆಹರಿಯಾ ಪೇಟಗಳು ಆಗುವುದು ಹೀಗೆಯೇ.

ಬಣ್ಣದ ವಿಷಯದಲ್ಲಿ ಅರಿಸಿನವನ್ನು ನಂಬಬೇಡಿ. ಹಾಕಿದ ದಿನ ಚೆಂದ, ಬಿಸಿಲಿಗೆ ನಾಲ್ಕು ದಿನದಲ್ಲಿ ಮಾಯ. ಸೋಪು ಮುಟ್ಟಿದರೆ ಕೆಂಪಾಗುತ್ತದೆ ಬೇರೆ. ಆರತಿ ತಟ್ಟೆಯ ನೀರಿಗೆ ಸುಣ್ಣ ಹಾಕಿದರೆ ಆಗುತ್ತದಲ್ಲ, ಅದೇ ಲೆಕ್ಕ. ಮನೆಯ ಬಣ್ಣವೇ ಬೇಕು ಅನ್ನುವವರಿಗೆ ಈರುಳ್ಳಿ ಸಿಪ್ಪೆ ಒಳ್ಳೆಯದು, ಹೊನ್ನಿನ ಬಣ್ಣ ಕೊಡುತ್ತದೆ. ಬಟ್ಟೆ ಎಷ್ಟು ತೂಗುತ್ತದೋ ಅಷ್ಟೇ ತೂಕದ ಒಣ ಸಿಪ್ಪೆ ಬೇಕು. 100 ಗ್ರಾಂ ಸಿಪ್ಪೆ ಅಂದರೆ ದೊಡ್ಡ ಚೀಲವೇ ಆಗುತ್ತದೆ, ಈರುಳ್ಳಿ ಮಂಡಿಯಲ್ಲಿ ಕೇಳಿದರೆ ಪುಕ್ಕಟೆ ಕೊಡುತ್ತಾರೆ. ಬಟ್ಟೆಯನ್ನು ಮೊದಲು ಅಳಲೆಕಾಯಿ ಪುಡಿ ಕಲಸಿದ ನೀರಿನಲ್ಲಿ ಒಂದು ರಾತ್ರಿ ಇಟ್ಟು ಒಣಗಿಸಿ. ಆಮೇಲೆ ಪಟಿಕದ ನೀರಿನಲ್ಲಿ ಇನ್ನೊಂದು ರಾತ್ರಿ. 100 ಗ್ರಾಂ ಬಟ್ಟೆಗೆ 15 ಗ್ರಾಂ ಪಟಿಕ ಸಾಕು. ಹತ್ತಿ ಬಟ್ಟೆ ಬಣ್ಣವನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದು ಇವೆರಡರಿಂದ. ಇಷ್ಟಾದ ಮೇಲೆ ಗಂಟು ಕಟ್ಟಿ. ಸಿಪ್ಪೆಯನ್ನು ಅರ್ಧ ಗಂಟೆ ಕುದಿಸಿ ಸೋಸಿ, ಆ ನೀರಿನಲ್ಲಿ ಬಟ್ಟೆಯನ್ನು ಸಣ್ಣ ಉರಿಯಲ್ಲಿ ಒಂದು ಗಂಟೆ ಬಿಡಿ. ಸ್ಟೀಲ್ ಪಾತ್ರೆಯೇ ಆಗಲಿ. ಕಬ್ಬಿಣದ ಬಾಣಲೆಯಲ್ಲಿ ಮಾಡಿದರೆ ಹೊನ್ನು ಹೋಗಿ ಮಸಿ ಬರುತ್ತದೆ. ಅಳಲೆಯಿಂದಾಗಿ ಚುಕ್ಕಿಗಳು ಬೆಣ್ಣೆ ಬಣ್ಣಕ್ಕೆ ತಿರುಗುತ್ತವೆ, ನನಗೇನೋ ಅದೇ ಇಷ್ಟ.

ಮಲ್ಲಿಗೆಯಂಥ ಬಿಳಿ ಚುಕ್ಕಿ ಬೇಕಿದ್ದವರು ಅಂಗಡಿ ಬಣ್ಣಕ್ಕೇ ಹೋಗಬೇಕು. ಅದರಲ್ಲಿ ಕುದಿಸುವ ಬಣ್ಣ ಬೇರೆ, ತಣ್ಣೀರಿನ ಬಣ್ಣ ಬೇರೆ. ಕೇಳಿ ತನ್ನಿ. ಕುದಿಸುವುದಕ್ಕೆ ಉಪ್ಪು ಹಾಕಬೇಕು, ತಣ್ಣೀರಿನದಕ್ಕೆ ಉಪ್ಪಿನ ಜೊತೆ ಬಟ್ಟೆ ಸೋಡಾನೂ ಬೇಕು. ಒಗೆತಕ್ಕೆ ತಡೆಯುವುದು ತಣ್ಣೀರಿನದೇ ಜಾಸ್ತಿ. ಕೈಗೆ ಗ್ಲೌಸ್ ಇರಲಿ, ಪುಡಿ ಕಲಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಆ ಪಾತ್ರೆಯಲ್ಲಿ ಮತ್ತೆ ಅಡುಗೆ ಬೇಡವೇ ಬೇಡ.

ಕೆಲಸ ಕೆಡುವುದು ಇಲ್ಲಿಂದ ಮುಂದೆ. ಗಂಟಿನೊಳಗೆ ಏನಾಗಿದೆಯೋ ಅಂತ ಎಲ್ಲರಿಗೂ ಆತುರ. ಬಟ್ಟೆಯನ್ನು ಗಂಟಿನ ಸಮೇತ ತಣ್ಣೀರಿನಲ್ಲಿ ಜಾಲಿಸಿ, ನೀರು ತಿಳಿಯಾಗುವವರೆಗೂ. ಆಮೇಲೆ ನೆರಳಿನಲ್ಲಿ ಒಣಹಾಕಿ. ಪೂರ್ತಿ ಒಣಗಿದ ಮೇಲೆಯೇ ಬಿಚ್ಚಿ. ಹಸಿಯಲ್ಲಿ ಬಿಚ್ಚಿದರೆ ಬಣ್ಣ ಬಿಳಿಯೊಳಗೆ ನುಗ್ಗುತ್ತದೆ. ನನ್ನ ಎರಡು ದಿಂಬಿನ ಗವಸು ಹಾಗೇ ಹಾಳಾದವು. ಬೆನ್ ಕತ್ತರಿ ಮುಟ್ಟಲು ಬಿಡುತ್ತಲೇ ಇರಲಿಲ್ಲ. ಬಟ್ಟೆಯ ಎರಡು ಬದಿಗೆ ಇಬ್ಬರು ನಿಂತು ಎಳೆದರೆ ಪಟಪಟ ಅಂತ ಗಂಟು ಹಾರಿ, ದಾರ ಸರಸರ ಬಿಚ್ಚಿಕೊಳ್ಳುತ್ತಿತ್ತು. ಮೊಮ್ಮಗಳಿಗೆ ಆ ಸದ್ದೇ ಹಬ್ಬವಾಯಿತು.

ಕೊಳ್ಳುವವರಿಗೂ ಒಂದು ಮಾತು. ಬಾಂಧನಿ ಅಂತ ಅಂಗಡಿಯಲ್ಲಿ ತೋರಿಸುವುದರಲ್ಲಿ ಬಹಳಷ್ಟು ಬರೀ ಅಚ್ಚು ಹಾಕಿದ್ದು. ಮಧುರೆಯ ಸುಂಗುಡಿ ಸೀರೆಯಲ್ಲೂ ಈಗ ಅಚ್ಚಿನದೇ ಹೆಚ್ಚು. ಕಟ್ಟಿದ ಚುಕ್ಕಿಗಳು ಒಂದರ ಹಾಗೆ ಒಂದು ಇರುವುದಿಲ್ಲ, ನಡುವೆ ಒಂದು ಸಣ್ಣ ಬೊಟ್ಟು, ಸವರಿದರೆ ಬೆರಳಿಗೆ ಉಬ್ಬು ತಾಗುತ್ತದೆ. ಅಚ್ಚಿನದು ಹಿಂಬದಿಯಲ್ಲಿ ಮಂಕಾಗಿರುತ್ತದೆ. ಕೆಲವು ಅಂಗಡಿಗಳಲ್ಲಿ ಗಂಟು ಬಿಚ್ಚದೆಯೇ ಮುದುಡಿದ ಸೀರೆ ಕೊಡುತ್ತಾರೆ. ಅದು ಕೈಕೆಲಸ ಅನ್ನೋಕೆ ಸಾಕ್ಷಿ, ಬೇಜಾರು ಮಾಡಿಕೊಳ್ಳಬೇಡಿ.

ಒಗೆಯುವಾಗ ಮೊದಲ ಮೂರು ನಾಲ್ಕು ಸಲ ಬೇರೆಯಾಗಿ ಒಗೆಯಿರಿ, ಅಂಟುವಾಳದ ನೀರಾದರೆ ಒಳ್ಳೆಯದು. ಬಣ್ಣ ಬಿಡುವ ಸೀರೆಯನ್ನು ಉಪ್ಪುನೀರಿನಲ್ಲಿ ಇಟ್ಟರೆ ಬಣ್ಣ ನಿಲ್ಲುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ನಾನೂ ಎಷ್ಟೋ ವರ್ಷ ಹೇಳಿದ್ದೇನೆ. ಉಪ್ಪು ಕೆಲಸ ಮಾಡುವುದು ಬಣ್ಣದ ಪಾತ್ರೆಯಲ್ಲಿ. ಸರಿಯಾಗಿ ಹಿಡಿಯದ ಬಣ್ಣವನ್ನು ಆಮೇಲೆ ಅದು ಹಿಡಿದು ನಿಲ್ಲಿಸುವುದಿಲ್ಲ. ನೆನೆಹಾಕಿ ಮರೆಯದೆ ಬೇಗ ಜಾಲಿಸಿ ಒಣಗಿಸುವುದೇ ದಾರಿ. ಒಳಮಗ್ಗುಲು ಹೊರಗೆ ಮಾಡಿ, ನೆರಳಿನಲ್ಲಿ.

ಇಸ್ತ್ರಿ ಮಾತ್ರ ಮುಟ್ಟಿಸಬೇಡಿ. ಆ ಸಣ್ಣ ಸುಕ್ಕೇ ಬಾಂಧನಿಯ ಅಂದ. ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿದ್ದೆ, ಒಬ್ಬರನ್ನು ಬಿಟ್ಟು. ಮರುದಿನ ತಾತ ಬೀದಿ ತುದಿಯ ಇಸ್ತ್ರಿ ಅಂಗಡಿಯಿಂದ ಬಂದರು. ಹೊನ್ನಿನ ಬಣ್ಣದ ಪಂಚೆ ಹಪ್ಪಳದ ಹಾಗೆ ಚಪ್ಪಟೆಯಾಗಿ ಅವರ ಕೈಯಲ್ಲಿತ್ತು.