ಪೆನ್ ಸ್ಟೇಟ್‌ನ ಗ್ರಹಾಂ ಸ್ಪ್ಯಾನಿಯರ್: ಒಬ್ಬ ಅಧ್ಯಕ್ಷರ ಆಡಳಿತವನ್ನು ತೂಗುವುದು ಹೇಗೆ?

ವಿಶ್ವವಿದ್ಯಾಲಯದ ಅಧ್ಯಕ್ಷರೊಬ್ಬರು ಒಳ್ಳೆಯವರಾ ಕೆಟ್ಟವರಾ ಅಂತ ಯಾರಾದರೂ ಕೇಳಿದರೆ ತಕ್ಷಣ ಉತ್ತರ ಕೊಡಬೇಡಿ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ವಿಶ್ವವಿದ್ಯಾಲಯ ಪೆನ್ ಸ್ಟೇಟ್‌ನಂಥ, ಅಮೆರಿಕನ್ ಫುಟ್‌ಬಾಲ್ ಹುಚ್ಚಿನ ಜಾಗದಲ್ಲಂತೂ ಬೇಡವೇ ಬೇಡ. 1995ರಿಂದ 2011ರವರೆಗೆ ಅಲ್ಲಿ ಅಧ್ಯಕ್ಷರಾಗಿದ್ದವರು ಗ್ರಹಾಂ ಸ್ಪ್ಯಾನಿಯರ್. ನಮ್ಮಲ್ಲಿ ಕುಲಪತಿ ಇದ್ದ ಹಾಗೆ. ಫುಟ್‌ಬಾಲ್ ತಂಡದ ಹಳೆಯ ಕೋಚ್ ಒಬ್ಬ ಮಕ್ಕಳ ಮೇಲೆ ನಡೆಸಿದ ಲೈಂಗಿಕ ದೌರ್ಜನ್ಯದ ಪ್ರಕರಣದಿಂದಾಗಿ ಅವರ ಬಗ್ಗೆ ಈ ಪ್ರಶ್ನೆ ಏಳುತ್ತದೆ.

ಮೊದಲು ಆ ಊರಿನಲ್ಲಿ ನಿಜವಾದ ಅಧಿಕಾರ ಯಾರ ಕೈಲಿತ್ತು ಅಂತ ನೋಡಿ. ಅಲ್ಲಿನ ಬೀವರ್ ಸ್ಟೇಡಿಯಂನಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಜನ ಕೂರುತ್ತಾರೆ, ಅಂದರೆ ಪಂದ್ಯದ ದಿನ ಸ್ಟೇಡಿಯಂ ಒಳಗಿರುವ ಜನ ಆ ಊರಿನ ಜನಸಂಖ್ಯೆಗಿಂತ ಹೆಚ್ಚು. ಜೋ ಪಟರ್ನೋ 1966ರಿಂದಲೂ ಫುಟ್‌ಬಾಲ್ ತಂಡದ ಮುಖ್ಯ ಕೋಚ್. 2004ರಲ್ಲಿ ತಂಡ ಸೋಲುತ್ತಿದ್ದಾಗ, ನಿವೃತ್ತಿಯ ಬಗ್ಗೆ ಯೋಚಿಸಿ ಅಂತ ಹೇಳಲು ಸ್ಪ್ಯಾನಿಯರ್ ಮತ್ತು ಕ್ರೀಡಾ ನಿರ್ದೇಶಕ ಟಿಮ್ ಕರ್ಲಿ ಪಟರ್ನೋ ಅವರ ಮನೆಗೇ ಹೋದರು. ಪಟರ್ನೋ ಒಪ್ಪಲಿಲ್ಲ. ಅಲ್ಲಿಗೆ ಮುಗಿಯಿತು. ಹೆಸರಿಗೆ ಮೇಲಿನವರು ಅಧ್ಯಕ್ಷರು, ಮಾತು ನಡೆದದ್ದು ಕೋಚ್‌ದು.

ಆಮೇಲೆ ಒಳ್ಳೆಯ ಕೆಲಸಗಳನ್ನು ಪ್ರಾಮಾಣಿಕವಾಗಿ ಬರೆದುಕೊಳ್ಳಿ, ಜಿಪುಣತನ ಬೇಡ. 1998ರಲ್ಲಿ, ಆನ್‌ಲೈನ್ ಡಿಗ್ರಿಯನ್ನು ಯಾರೂ ಅಷ್ಟಾಗಿ ನಂಬದಿದ್ದ ಕಾಲದಲ್ಲಿ, ಪೆನ್ ಸ್ಟೇಟ್ ವರ್ಲ್ಡ್ ಕ್ಯಾಂಪಸ್ ಶುರುವಾಯಿತು. ಪ್ರತಿಭಾವಂತರಿಗಾಗಿ ಶ್ರೇಯರ್ ಆನರ್ಸ್ ಕಾಲೇಜು ಬಂತು, ಮಾಹಿತಿ ತಂತ್ರಜ್ಞಾನಕ್ಕೆ ಪ್ರತ್ಯೇಕ ಕಾಲೇಜು ಬಂತು. ಇವೆಲ್ಲ ಇವತ್ತಿಗೂ ನಡೆಯುತ್ತಿವೆ.

ಮೂರನೆಯದು ಮುಖ್ಯ, ಇಲ್ಲಿ ಅವಸರ ಮಾಡಬೇಡಿ. ಯಾವ ದಿನ ಅವರಿಗೆ ಏನು ಗೊತ್ತಿತ್ತು, ಆ ದಿನ ಏನು ಮಾಡಿದರು ಅಂತ ಹುಡುಕಿ. 2001ರ ಫೆಬ್ರವರಿಯಲ್ಲಿ ಸಹಾಯಕ ಸಿಬ್ಬಂದಿಯೊಬ್ಬರು, ನಿವೃತ್ತ ಸಹಾಯಕ ಕೋಚ್ ಜೆರ್ರಿ ಸ್ಯಾಂಡಸ್ಕಿ ತಂಡದ ಸ್ನಾನದ ಕೋಣೆಯಲ್ಲಿ ಒಬ್ಬ ಹುಡುಗನ ಜೊತೆ ಇದ್ದದ್ದನ್ನು ಕಂಡು ಪಟರ್ನೋ ಅವರಿಗೆ ಹೇಳಿದರು. ಅದು ಕರ್ಲಿಗೆ ತಲುಪಿತು, ಉಪಾಧ್ಯಕ್ಷ ಗ್ಯಾರಿ ಶುಲ್ಟ್ಜ್‌ಗೆ ತಲುಪಿತು, ಕೊನೆಗೆ ಸ್ಪ್ಯಾನಿಯರ್‌ಗೂ ತಲುಪಿತು. ಸರ್ಕಾರದ ಮಕ್ಕಳ ಇಲಾಖೆಗೆ ತಿಳಿಸುವ ಯೋಜನೆ ಮೊದಲು ಇತ್ತು. ಪಟರ್ನೋ ಜೊತೆ ಮಾತಾಡಿದ ಮೇಲೆ ಕರ್ಲಿ ಅದನ್ನು ಬದಲಿಸಿದರು: ಮೊದಲು ಸ್ಯಾಂಡಸ್ಕಿಗೇ ಹೇಳೋಣ, ಕೇಳದಿದ್ದರೆ ನೋಡೋಣ. ಸ್ಪ್ಯಾನಿಯರ್ ಇಮೇಲ್‌ನಲ್ಲಿ ಒಪ್ಪಿದರು. ಅವನು ಮಾತು ಕೇಳದೇ ಹೋದರೆ, ವರದಿ ಮಾಡಲಿಲ್ಲ ಅಂತ ನಮ್ಮ ಮೇಲೆ ಬರುತ್ತದೆ, ಅದೊಂದೇ ತೊಂದರೆ ಅನ್ನುವ ಅರ್ಥದಲ್ಲಿ ಬರೆದರು. ಹುಡುಗ ಯಾರು ಅಂತ ಹುಡುಕುವ ಪ್ರಯತ್ನವೇ ಆಗಲಿಲ್ಲ.

ಸ್ಪ್ಯಾನಿಯರ್ ಅವರ ಸಮರ್ಥನೆಯನ್ನೂ ಕೇಳಿಸಿಕೊಳ್ಳಿ: ನನಗೆ ಬಂದದ್ದು ಬರೀ ಹುಡುಗಾಟದ ಸುದ್ದಿ, ಲೈಂಗಿಕ ಹಿಂಸೆ ಅಂತ ಯಾರೂ ಹೇಳಲಿಲ್ಲ ಅಂತ ಅವರು ಹೇಳುತ್ತಲೇ ಬಂದರು. ಕೋರ್ಟಿನ ಕಾಗದವನ್ನೂ ಪೂರ್ತಿ ಓದಿ. 2017ರಲ್ಲಿ ಜ್ಯೂರಿ ಅವರನ್ನು ಮಗುವನ್ನು ಅಪಾಯಕ್ಕೆ ಒಡ್ಡಿದ ಒಂದು ಸಣ್ಣ ದರ್ಜೆಯ ಆರೋಪದಲ್ಲಿ ತಪ್ಪಿತಸ್ಥ ಎಂದಿತು, ಒಳಸಂಚಿನ ಆರೋಪದಿಂದ ಬಿಡುಗಡೆ ಮಾಡಿತು. 2019ರಲ್ಲಿ ಆ ತೀರ್ಪು ರದ್ದಾಯಿತು, 2020ರಲ್ಲಿ ಮೇಲಿನ ಕೋರ್ಟು ಮತ್ತೆ ಎತ್ತಿಹಿಡಿಯಿತು. 2021ರಲ್ಲಿ ಸುಮಾರು ಎರಡು ತಿಂಗಳು ಜೈಲಿನಲ್ಲಿದ್ದರು.

ಈಗ ತೂಗಿ. ಆದರೆ ಒಂದು ತಟ್ಟೆಯಲ್ಲಿ ಕಾಲೇಜುಗಳು, ಇನ್ನೊಂದರಲ್ಲಿ ಮಕ್ಕಳು ಅಂತ ಇಡಬೇಡಿ. ಅದು ನಾನು ಒಪ್ಪದ ಲೆಕ್ಕ. ಸ್ಯಾಂಡಸ್ಕಿ 2012ರಲ್ಲಿ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪ್ರಕರಣದಲ್ಲಿ, 45 ಆರೋಪಗಳಲ್ಲಿ ತಪ್ಪಿತಸ್ಥನಾದ. ಅವನ ಕೈಗೆ ಸಿಕ್ಕ ಹುಡುಗರಲ್ಲಿ ಕೆಲವರು 2001ರ ನಂತರದವರು, ಅಂದರೆ ಒಂದು ಫೋನ್ ಕರೆ ಹೋಗಿದ್ದರೆ ಉಳಿಯಬಹುದಾಗಿದ್ದ ಮಕ್ಕಳು. ವರ್ಲ್ಡ್ ಕ್ಯಾಂಪಸ್‌ನಲ್ಲಿ ಎಷ್ಟು ಜನ ಡಿಗ್ರಿ ಪಡೆದರೂ ಅದರಿಂದ ಇದು ಕಳೆಯುವುದಿಲ್ಲ ಅಲ್ವಾ? ಎರಡನ್ನೂ ಪಕ್ಕಪಕ್ಕ ಬರೆಯಿರಿ, ಕೂಡಿ ಕಳೆದು ಒಂದೇ ಅಂಕಿ ಮಾಡಬೇಡಿ.

ವಿಶ್ವವಿದ್ಯಾಲಯಕ್ಕೆ ಬಿದ್ದ 6 ಕೋಟಿ ಡಾಲರ್ ದಂಡ, ತಂಡದ ದಾಖಲೆಯಿಂದ ತೆಗೆದು ಮತ್ತೆ 2015ರಲ್ಲಿ ಕೊಟ್ಟ ಗೆಲುವುಗಳು, ಕಿತ್ತ ಪಟರ್ನೋ ಪ್ರತಿಮೆ, ಈ ಜಗಳಗಳಲ್ಲಿ ಜಾಸ್ತಿ ಹೊತ್ತು ಕಳೆಯಬೇಡಿ. ಅಭಿಮಾನಿಗಳು ಇನ್ನೂ ಅದನ್ನೇ ಮಾತಾಡುತ್ತಾರೆ. ಅದರ ಬದಲು ಕಾನೂನು ಏನಾಯಿತು ನೋಡಿ. ಈ ಪ್ರಕರಣದ ನಂತರ, 2014ರಲ್ಲಿ, ಪೆನ್ಸಿಲ್ವೇನಿಯಾ ತನ್ನ ಮಕ್ಕಳ ರಕ್ಷಣಾ ಕಾನೂನನ್ನು ತಿದ್ದಿತು. ಮೊದಲು ಸಿಬ್ಬಂದಿ ಮೇಲಧಿಕಾರಿಗೆ ಹೇಳಿದರೆ ಸಾಕಿತ್ತು. ಈಗ ಅನುಮಾನ ಬಂದವರೇ ನೇರವಾಗಿ ಸರ್ಕಾರಕ್ಕೆ ವರದಿ ಮಾಡಬೇಕು, ಆಮೇಲೆ ಮೇಲಧಿಕಾರಿಗೆ ಹೇಳಬೇಕು. ಬೇರೆ ಯಾವ ವಿಶ್ವವಿದ್ಯಾಲಯದ ಅಧ್ಯಕ್ಷರನ್ನು ತೂಗುವಾಗಲೂ ಅಲ್ಲಿ ಈ ನಿಯಮ ಹೇಗಿದೆ ಅಂತ ಮೊದಲು ವಿಚಾರಿಸಿ.