ಎಲೆ ಹಳದಿಯಾದರೆ ಮೊದಲು ಕುಂಡದ ತೂತು ನೋಡಿ

ತಾರಸಿ ತೋಟದವರೇ, ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ ಬದನೆ, ಟೊಮೆಟೊ ಎಲೆ ಹಳದಿಯಾದರೆ ತಕ್ಷಣ ಇನ್ನಷ್ಟು ಕಡಲೆಕಾಯಿ ಹಿಂಡಿ ಸುರಿಯಬೇಡಿ. ಮಣ್ಣಿಗೆ ಬೆರಳು ಇಳಿಸಿ ಮೂಸಿ ನೋಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗೆ ನೀರು ನಿಂತಿದೆ ಅಂತಲೇ ಅರ್ಥ.

ಎಲೆಯನ್ನು ಹಸಿರಾಗಿಡುವ ಸಾರಜನಕ ಹಿಂಡಿಯಲ್ಲಿದ್ದರೂ ಗಿಡಕ್ಕೆ ನೇರವಾಗಿ ದಕ್ಕುವುದಿಲ್ಲ. ಸೂಕ್ಷ್ಮಜೀವಿಗಳು ಹಿಂಡಿಯನ್ನು ಕೊಳೆಸಿದಾಗ ಅದು ಅಮೋನಿಯಂ ಆಗುತ್ತದೆ. ನೈಟ್ರೊಸೊಮೊನಾಸ್‌ನಂಥ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ. ನೈಟ್ರೊಬ್ಯಾಕ್ಟರ್‌ನಂಥವು ಅದನ್ನು ಗಿಡ ಸುಲಭವಾಗಿ ಹೀರಿಕೊಳ್ಳುವ ನೈಟ್ರೇಟ್ ಮಾಡುತ್ತವೆ. ಇವಕ್ಕೆ ಗಾಳಿ ಬೇಕೇ ಬೇಕು. ನೀರು ನಿಂತರೆ ಈ ಕೆಲಸ ನಿಲ್ಲುತ್ತದೆ. ಅಷ್ಟೇ ಅಲ್ಲ, ಬೇರೆ ಬ್ಯಾಕ್ಟೀರಿಯಾಗಳು ಇದ್ದ ನೈಟ್ರೇಟನ್ನೂ ಅನಿಲ ಮಾಡಿ ಗಾಳಿಗೆ ಬಿಡುತ್ತವೆ. ದುಡ್ಡು ಕೊಟ್ಟು ತಂದ ಗೊಬ್ಬರ ಸುಮ್ನೆ ಹಾರಿಹೋದಂತೆ, ಅಲ್ವಾ?

ಕಡ್ಡಿಯಿಂದ ತಳದ ತೂತು ಬಿಡಿಸಿ, ಕುಂಡವನ್ನು ಇಟ್ಟಿಗೆ ಮೇಲೆ ಎತ್ತಿಡಿ. ನಮ್ಮ ಕೆಂಪು ಮಣ್ಣು ಬೇಗ ಬಿಗಿಯುತ್ತದೆ, ಭತ್ತದ ಹೊಟ್ಟು ಬೆರೆಸಿ ಸಡಿಲ ಮಾಡಿ. ಮಣ್ಣು ಆರಿದ ಮೇಲೆಯೇ ಹಿಂಡಿ ಹಾಕಿ, ಜೊತೆಗೆ ಸ್ವಲ್ಪ ಬೇವಿನ ಹಿಂಡಿಯೂ ಇರಲಿ. ಅಮೋನಿಯಂನಿಂದ ನೈಟ್ರೇಟ್ ಆಗುವ ವೇಗವನ್ನು ಬೇವು ತಗ್ಗಿಸುತ್ತದೆ, ಸಾರಜನಕ ಮಳೆ ನೀರಲ್ಲಿ ಕೊಚ್ಚಿಹೋಗುವುದು ಕಡಿಮೆಯಾಗುತ್ತದೆ.